ಗಾಡಿ ಪ್ರಶ್ನೆ: ರಿಕಾಲ್ ಫೋನ್ ಹಳೇ ಮಾಲೀಕರಿಗೆ ಬಂತು, ಕಾರು ನಮ್ಮ ಮನೇಲಿದೆ

ಪ್ರಶ್ನೆ (ಡೋಂಬಿವಲಿ ಪೂರ್ವದಿಂದ ಓದುಗರೊಬ್ಬರು): ನಮಸ್ಕಾರ ರೀ. ಎರಡು ವರ್ಷದ ಹಿಂದ ಠಾಣೆದಾಗ ಒಬ್ಬರ ಕಡೆಯಿಂದ ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡ್ವಿ. ಹೋದ ವಾರ ಆ ಹಳೇ ಮಾಲಕರು ಫೋನ್ ಮಾಡಿ, ಗಾಡಿಗೆ ರಿಕಾಲ್ ಬಂದೈತಿ (ಅಂದ್ರ ದೋಷ ಇರೋ ಗಾಡಿನ ಸರಿ ಮಾಡಾಕ ಕಂಪನಿನೇ ವಾಪಸ್ ಕರೆಯೋದು), ಬ್ಲೋವರಿನ, ಅಂದ್ರ ಏಸಿ ಗಾಳಿ ಊದೋ ಫ್ಯಾನಿನ, ಯಾವುದೋ ಪಾರ್ಟ್ ಬಿಸಿಯಾಗಿ ಕರಗತೈತಂತ, ಕಂಪನಿಯವರು ನನಗ ಫೋನ್ ಮಾಡಾಕತ್ತಾರ, ಇನ್ನ ನೀವ ನೋಡ್ಕೊಳ್ರಿ ಅಂದ್ರು. ಗಾಡಿ ಚಲೋನೇ ಓಡತೈತಿ ರೀ. ಬ್ಯಾಸಗ್ಯಾಗ ಒಂದ್ಸಲ ಒಂದು, ಎರಡು, ಮೂರನೇ ನಂಬರಿಗೆ ಗಾಳಿ ಬರೋದು ನಿಂತಿತ್ತು, ನಾಕನೇ ನಂಬರಿಗೆ ಅಷ್ಟ ಬರ್ತಿತ್ತು, ಅದನ್ನ ಸ್ಟೇಷನ್ ಹತ್ರ ಒಬ್ಬ ಮೆಕ್ಯಾನಿಕ್ 150 ರೂಪಾಯಿ ತಗೊಂಡು ಹತ್ತು ನಿಮಿಷದಾಗ ಸರಿ ಮಾಡಿ ಕೊಟ್ಟಾನ. ನಮ್ಮನಿಯವರು ಈ ರಿಕಾಲ್ ಅನ್ನೋದೆಲ್ಲ ಸರ್ವಿಸಿಗೆ ಕರಸ್ಕೊಂಡು ಬಿಲ್ ಮಾಡೋ ನಾಟಕ ಅಂತಾರ. ಮಕ್ಕಳನ್ನ ಸಾಲಿಗೆ ಬಿಡೋದು ಇದೇ ಗಾಡಿಯಾಗ. ಏನ್ ಮಾಡ್ಲಿ?

ಉತ್ತರ: ಅಕ್ಕಾ, ನಾಟಕ ಅಲ್ಲ, ಹೋಗಿ ಮಾಡಿಸ್ಕೊಳ್ಳಿ. ಆದ್ರೆ ನಿಮ್ಮ ಪತ್ರದಲ್ಲಿ ನಂಗೆ ಹೆದರಿಕೆ ಆಗಿದ್ದು ರಿಕಾಲ್ ವಿಷಯಕ್ಕಲ್ಲ, ಆ 150 ರೂಪಾಯಿ ರಿಪೇರಿಗೆ.

ಯಾಕೆ ಅಂತ ಹೇಳ್ತೀನಿ. ಕೈಯಲ್ಲಿ ತಿರುಗಿಸೋ ಸ್ವಿಚ್ ಇರೋ ಏಸಿಲಿ ಬ್ಲೋವರ್ ಮೋಟರಿನ ಪಕ್ಕ ಒಂದು ರೆಸಿಸ್ಟರ್ ಇರ್ತದೆ, ಗ್ಯಾರೇಜಲ್ಲಿ ಎಲ್ರೂ ಇದನ್ನ ರಿಜಿಸ್ಟರ್ ಅಂತಾನೇ ಕರೀತಾರೆ, ನೀವೂ ಹಾಗೇ ಕೇಳಿ ಇಲ್ಲಾಂದ್ರೆ ಅರ್ಥ ಆಗಲ್ಲ. ಒಂದು ಎರಡು ಮೂರನೇ ನಂಬರಲ್ಲಿ ಕರೆಂಟು ಇದರ ಮೂಲಕ ಹೋಗ್ತದೆ, ಇದು ಒಂದಷ್ಟು ಕರೆಂಟನ್ನ ತಡೆದು ಬಿಸಿ ಮಾಡಿ ಕಳೀತದೆ, ಅದಕ್ಕೇ ಮೋಟರ್ ನಿಧಾನ ತಿರುಗ್ತದೆ. ನಾಕನೇ ನಂಬರಲ್ಲಿ ರಿಜಿಸ್ಟರ್ ಲೆಕ್ಕಕ್ಕೇ ಇಲ್ಲ, ಸೀದಾ ಮೋಟರಿಗೆ. ಈ ಪಾರ್ಟು ಬಿಸಿಯಾಗೋದೇ ಅದರ ಕೆಲಸ, ಅದಕ್ಕೇ ಅದನ್ನ ಗಾಳಿ ಹೋಗೋ ದಾರಿಲೇ ಕೂರಿಸಿರ್ತಾರೆ, ಬ್ಲೋವರಿನ ಗಾಳಿನೇ ಅದನ್ನ ತಣ್ಣಗೆ ಇಡ್ಬೇಕು. ಈಗ ಏಸಿ ಫಿಲ್ಟರಲ್ಲಿ ಧೂಳು, ಎಲೆ ತುಂಬಿ ಗಾಳಿ ಕಮ್ಮಿ ಆಯ್ತು ಅನ್ನಿ, ಅಥವಾ ಮಳೆಗಾಲದ ತೇವಕ್ಕೆ ಮೋಟರ್ ತುಕ್ಕು ಹಿಡಿದು ಬಿಗಿ ಆಯ್ತು ಅನ್ನಿ, ಆಗ ಬಿಸಿ ಜಾಸ್ತಿ, ತಣಿಸೋಕೆ ಗಾಳಿ ಇಲ್ಲ. ಅಂಥಾ ಹೊತ್ತಿಗೆ ಅಂತ ರಿಜಿಸ್ಟರ್ ಮೇಲೆ ಒಂದು ಸಣ್ಣ ಥರ್ಮಲ್ ಫ್ಯೂಸ್ ಇರ್ತದೆ, ಬಿಸಿ ಮಿತಿ ಮೀರಿದ್ರೆ ಅದು ಕಟ್ಟಾಗಿ ಲೈನ್ ನಿಲ್ಲಿಸಿಬಿಡ್ತದೆ. ನಿಮ್ಮ ಗಾಡಿಲಿ ಮೂರು ನಂಬರ್ ಸತ್ತು ನಾಕನೇದು ಮಾತ್ರ ಬದುಕಿತ್ತಲ್ಲ, ಹೆಚ್ಚಿನ ಮಟ್ಟಿಗೆ ಆಗಿದ್ದು ಇದೇ.

150 ರೂಪಾಯಿಗೆ ಹೊಸ ರಿಜಿಸ್ಟರ್ ಹಾಕಿರೋದು ಕಷ್ಟ. ಕಟ್ಟಾದ ಫ್ಯೂಸಿನ ಮೇಲೆ ಒಂದು ತುಂಡು ವೈರ್ ಬೆಸುಗೆ ಹಾಕಿ ಡೈರೆಕ್ಟ್ ಮಾಡಿರ್ಬೇಕು, ನಾನೇ ಎಷ್ಟು ಗಾಡಿಲಿ ನೋಡಿದೀನಿ ಇದನ್ನ. ಈಗ ನಾಕೂ ನಂಬರಿಗೆ ಗಾಳಿ ಬರ್ತದೆ, ನಿಜ, ಆದ್ರೆ ಇನ್ನೊಂದ್ಸಲ ಬಿಸಿಯಾದ್ರೆ ನಿಲ್ಲಿಸೋಕೆ ಯಾರೂ ಇಲ್ಲ, ಡ್ಯಾಶ್‌ಬೋರ್ಡ್ ಒಳಗೆ ಪ್ಲಾಸ್ಟಿಕ್ ಮಧ್ಯ ಕೆಂಪಗೆ ಕಾಯ್ತಾ ಕೂತಿರ್ತದೆ. ಇಂಗ್ಲೆಂಡಲ್ಲಿ ವಾಕ್ಸ್‌ಹಾಲ್ ಜಾಫಿರಾ ಬಿ ಅಂತ ಒಂದು ಫ್ಯಾಮಿಲಿ ಕಾರು ಒಂದರ ಹಿಂದೆ ಒಂದು ಹೊತ್ತಿಕೊಂಡು ದೊಡ್ಡ ಗಲಾಟೆ ಆಯ್ತು, 2015ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಾಡಿ ವಾಪಸ್ ಕರೆದ್ರು, ಆಗ ಕಂಪನಿ ಕೊಟ್ಟ ಕಾರಣ ಇದೇ, ರಿಜಿಸ್ಟರಿನ ಥರ್ಮಲ್ ಫ್ಯೂಸನ್ನ ಹೊರಗಡೆ ತಪ್ಪು ರಿಪೇರಿ ಮಾಡಿಸಿದಾರೆ ಅಂತ. ಪೂರ್ತಿ ತಪ್ಪು ಮೆಕ್ಯಾನಿಕ್ ಮೇಲೆ ಹಾಕಿ ಕೈ ತೊಳ್ಕೊಳ್ಳೋಕೆ ಆಗ್ಲಿಲ್ಲ ಅನ್ನಿ, 2016ರಲ್ಲಿ ಬ್ಲೋವರ್ ಮೋಟರ್ ತುಕ್ಕಿನ ವಿಷಯಕ್ಕೆ ಅದೇ ಗಾಡಿಗಳನ್ನ ಎರಡನೇ ಸಲ ಕರೀಬೇಕಾಯ್ತು.

ಹಾಗಾಗಿ ಮೊದ್ಲು ಆ ಮೆಕ್ಯಾನಿಕ್ ಹತ್ರ ಹೋಗಿ ಜಗಳ ಮಾಡದೆ ಕೇಳಿ, ಭಯ್ಯಾ ಹೊಸ ರಿಜಿಸ್ಟರ್ ಹಾಕಿದ್ಯಾ ಡೈರೆಕ್ಟ್ ಮಾಡಿದ್ಯಾ ಅಂತ. ಡೈರೆಕ್ಟ್ ಅಂದ್ರೆ ಅವತ್ತಿಂದ ಬ್ಲೋವರ್ ಮುಟ್ಟಬೇಡಿ. ಮಳೆಲಿ ಗಾಜು ಮಬ್ಬಾಗ್ತದೆ, ಗೊತ್ತು, ಅದಕ್ಕೇ ಹೇಳೋದು, ಒಂದು ವಾರ ಮಕ್ಕಳು ರಿಕ್ಷಾದಲ್ಲಿ ಹೋಗ್ಲಿ.

ಫೋನ್ ನಿಮಗೆ ಯಾಕೆ ಬರ್ಲಿಲ್ಲ ಅಂದ್ರೆ ಕಂಪನಿ ಹತ್ರ ಇರೋದು ಮೊದಲ್ನೇ ಮಾಲೀಕರ ನಂಬರು, ಆರ್‌ಸಿ ನಿಮ್ಮ ಹೆಸರಿಗೆ ಆದ್ರೂ ಅವರ ಕಂಪ್ಯೂಟರಲ್ಲಿ ಅದು ತಾನಾಗೇ ಬದಲಾಗಲ್ಲ. ನಿಮ್ಮ ಹಳೇ ಮಾಲಕರು ಒಳ್ಳೇವ್ರು, ಬೇರೆಯವ್ರಾದ್ರೆ ಫೋನ್ ಕಟ್ ಮಾಡಿ ಸುಮ್ನಿರ್ತಿದ್ರು. ರಿಕಾಲ್ ಇರೋದು ಗಾಡಿಗೆ, ಹಾಗಾಗಿ ಆರ್‌ಸಿಲಿರೋ ಚಾಸಿ ನಂಬರ್ ತಗೊಂಡು ಕಂಪನಿಯ ವೆಬ್‌ಸೈಟಲ್ಲಿ ಹಾಕಿ ನೋಡಿ, ಇಲ್ಲಾ ಯಾವುದೇ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಒಟ್ಟು 17 ಅಕ್ಷರ-ಅಂಕಿ ಇರ್ತವೆ, ಅದರಲ್ಲಿ ಐ, ಓ, ಕ್ಯೂ ಅನ್ನೋ ಇಂಗ್ಲಿಷ್ ಅಕ್ಷರ ಬರೋದೇ ಇಲ್ಲ, ಗುಂಡಗೆ ಕಂಡಿದ್ದೆಲ್ಲ ಸೊನ್ನೆ ಅಂತ್ಲೇ ಟೈಪ್ ಮಾಡಿ. ಇದರಲ್ಲಿ ಎಡವಿ ‘ನಮ್ಮ ಗಾಡಿ ಲಿಸ್ಟಲ್ಲಿ ಇಲ್ಲ’ ಅಂತ ಖುಷಿಯಾದವ್ರನ್ನ ನೋಡಿದೀನಿ. ಹಾಗೇ ನಿಮ್ಮ ನಂಬರೂ ಅಲ್ಲಿ ಬರೆಸಿ ಬನ್ನಿ.

ಪ್ರಶ್ನೆ (ಪುಣೆ, ನಿಗಡಿಯಿಂದ): ಸರ್, ನನ್ನ ಕಾರಿನ ಫ್ಯಾನ್ ಕನೆಕ್ಟರ್ (ವೈರ್ ಜೋಡಿಸೋ ಪ್ಲಗ್) ಓವರ್‌ಹೀಟ್ ಅಂತ ರಿಕಾಲ್ ಇದೆ. ಹೋದ್ರೆ ಪಾರ್ಟ್ ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬನ್ನಿ ಅಂದ್ರು, ಮೇಲಿಂದ ಲೇಬರ್ 1,800 ರೂಪಾಯಿ ಆಗ್ತದಂತೆ. ನಾನು ಫ್ಯೂಸ್ ಚೆಕ್ ಮಾಡಿದೆ, ಸರಿ ಇದೆ. ನಿಜಕ್ಕೂ ಬಿಸಿ ಆಗ್ತಿದ್ರೆ ಫ್ಯೂಸ್ ಹೋಗ್ಬೇಕಿತ್ತಲ್ವಾ?

ಉತ್ತರ: ಇಲ್ಲ ಸರ್, ಇಲ್ಲೇ ತುಂಬಾ ಜನ ಮೋಸ ಹೋಗೋದು. ಮೇಲೆ ಹೇಳಿದ ಥರ್ಮಲ್ ಫ್ಯೂಸ್ ಬೇರೆ, ಫ್ಯೂಸ್ ಬಾಕ್ಸಿನ ಮಾಮೂಲಿ ಫ್ಯೂಸ್ ನೋಡೋದು ಕರೆಂಟನ್ನ, ಬಿಸಿನ ಅಲ್ಲ. ಲೆಕ್ಕ ಹಾಕಿ ನೋಡಿ: ಪಿನ್ನು ಸಡಿಲ ಆಗಿ ಅಥವಾ ಕಿಲುಬು ಹಿಡಿದು ಆ ಜಾಯಿಂಟಲ್ಲಿ ಬರೀ 0.05 ಓಮ್ ತಡೆ ಹುಟ್ಟಿದೆ, ಫ್ಯಾನ್ 20 ಆಂಪಿಯರ್ ಎಳೀತಿದೆ. ಇಪ್ಪತ್ತು ಇಂಟು ಇಪ್ಪತ್ತು ಇಂಟು 0.05 ಅಂದ್ರೆ 20 ವ್ಯಾಟ್, ಹತ್ರಹತ್ರ ರೇಡಿಯೋ ರಿಪೇರಿಯವನ ಸೋಲ್ಡರಿಂಗ್ ಐರನ್ ಇದ್ದಂಗೆ, ಅದೂ ಹೆಬ್ಬೆರಳಷ್ಟು ಪ್ಲಾಸ್ಟಿಕ್ ಕನೆಕ್ಟರ್ ಒಳಗೆ. ಕರೆಂಟ್ ಮಾತ್ರ ಅದೇ 20, ತಡೆ ಇರೋದ್ರಿಂದ ಇನ್ನೂ ಸ್ವಲ್ಪ ಕಮ್ಮಿನೇ, ಹಾಗಾಗಿ 30 ಆಂಪಿಯರಿನ ಫ್ಯೂಸ್ ಆರಾಮಾಗಿ ಕೂತಿರ್ತದೆ. ಬಿಸಿಯಾದಷ್ಟೂ ಪಿನ್ನು ಸಡಿಲ, ಸಡಿಲ ಆದಷ್ಟೂ ಬಿಸಿ. ಕನೆಕ್ಟರಿನ ಬಣ್ಣ ಹಳದಿ-ಕಂದು ತಿರುಗಿದ್ರೆ, ಸುಟ್ಟ ಮೀನಿನ ಥರ ವಾಸನೆ ಬಂದ್ರೆ ಗಾಡಿ ಓಡಿಸ್ಬೇಡಿ, ಟೋ ಮಾಡಿಸಿ ಅಂತ ಅವರಿಗೇ ಹೇಳಿ.

ದುಡ್ಡಿನ ಮಾತು. ರಿಕಾಲ್ ಕೆಲಸಕ್ಕೆ ಪಾರ್ಟಿಗೂ ಲೇಬರಿಗೂ ಒಂದು ರೂಪಾಯಿ ಕೊಡಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಅಂತ ಕಲಮು ಸೇರಿಸಿ ರಿಕಾಲ್ ಮಾಡಿಸೋ ಅಧಿಕಾರ ಕೇಂದ್ರ ಸರ್ಕಾರ ತಗೊಂಡಿದೆ, ಅದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಲಿದೆ, ಏಳು ವರ್ಷದ ಒಳಗಿನ ಗಾಡಿಗೆ ಅನ್ವಯ. ಮಾತಲ್ಲಿ ‘ಸ್ಟಾಕ್ ಇಲ್ಲ’ ಅಂದ್ರೆ ಒಪ್ಕೋಬೇಡಿ, ಜಾಬ್ ಕಾರ್ಡ್ (ಸರ್ವಿಸ್ ಸೆಂಟರಿನ ಕೆಲಸದ ಚೀಟಿ) ಮೇಲೆ ತಾರೀಕು ಹಾಕಿ ಬರೆಸ್ಕೊಳ್ಳಿ. ಆಮೇಲೂ ಎಳೆದಾಡಿದ್ರೆ ಗ್ರಾಹಕ ಸಹಾಯವಾಣಿ 1915. ಕೇಸು ಹಾಕೋ ಹಂತಕ್ಕೆ ಹೋದ್ರೂ ಈಗ ನೀವಿರೋ ಊರಲ್ಲೇ ಹಾಕಬಹುದು, 2019ರ ಗ್ರಾಹಕ ಕಾಯ್ದೆ ಹಾಗಿದೆ. ಎಲ್ಲಾ ಕಂಪನಿಯವ್ರೂ ಸತಾಯಿಸ್ತಾರೆ ಅಂತಲೂ ಅಲ್ಲ. ಮಾರುತಿ 2021ರ ಸೆಪ್ಟೆಂಬರಲ್ಲಿ ಮೋಟರ್ ಜನರೇಟರ್ ಯುನಿಟ್ (ಎಂಜಿನ್ನಿಗೆ ಜೊತೆ ಕೊಡೋ, ಕರೆಂಟೂ ಹುಟ್ಟಿಸೋ ಮೋಟರ್) ನೋಡೋಕೆ ಅಂತ 1,81,754 ಗಾಡಿ ಕರೆದಾಗ, ಪಾರ್ಟ್ ಬದಲಾಗೋ ತನಕ ನೀರು ನಿಂತ ಕಡೆ ಓಡಿಸ್ಬೇಡಿ, ಎಲೆಕ್ಟ್ರಿಕ್ ಭಾಗದ ಮೇಲೆ ನೇರ ನೀರು ಹೊಡೀಬೇಡಿ ಅಂತ ತಾವಾಗೇ ಹೇಳಿತ್ತು. ಜುಲೈ ಆಗಿದ್ರೆ ಮುಂಬೈಲಿ ಮಳೆ ನೀರು ನಿಲ್ಲೋ ಹಿಂದ್‌ಮಾತಾ, ಅಂಧೇರಿ ಸಬ್‌ವೇ ಕಡೆಯವ್ರು ಗಾಡಿ ಹೆಗಲ ಮೇಲೆ ಹೊತ್ತು ಹೋಗ್ಬೇಕಿತ್ತು, ಅದು ಬೇರೆ ಮಾತು.

ಪ್ರಶ್ನೆ (ವಾಸ್ಕೋ, ಗೋವಾ): ನನ್ನ ಗಾಡಿಗೆ ರಿಕಾಲ್ ಇದೆ ಅಂತ ಗೊತ್ತಾಗಿ ಸೊಸೈಟಿ ಸೆಕ್ರೆಟರಿ ಕಟ್ಟಡದ ಕೆಳಗೆ ನಿಲ್ಲಿಸ್ಬೇಡಿ ಅಂತಿದಾರೆ. ಆಫ್ ಮಾಡಿದ ಗಾಡಿ ಹೊತ್ತಿಕೊಳ್ತದಾ?

ಉತ್ತರ: ಯಾವ ಪಾರ್ಟು ಅಂತ ಬರೀಲಿಲ್ಲ ನೀವು, ಅದರ ಮೇಲೇ ಇದೆ. ಬ್ಲೋವರ್ ಥರದ್ದಕ್ಕೆ ಸಾಮಾನ್ಯವಾಗಿ ಕೀ ತಿರುಗಿಸಿದ ಮೇಲೇ ಕರೆಂಟು. ಎಬಿಎಸ್ ಯುನಿಟ್ಟಿಗೆ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂಗೆ ನೋಡ್ಕೊಳ್ಳೋ ಭಾಗ) ಹಾಗಲ್ಲ, ಕೀ ತೆಗೆದ್ರೂ ಬ್ಯಾಟರಿಯಿಂದ ಲೈನ್ ಇದ್ದೇ ಇರ್ತದೆ. 2023ರ ಸೆಪ್ಟೆಂಬರಲ್ಲಿ ಅಮೆರಿಕದಲ್ಲಿ ಹ್ಯುಂಡೈ, ಕಿಯಾ ಸೇರಿ ಸುಮಾರು 33.7 ಲಕ್ಷ ಗಾಡಿ ಕರೆದಿದ್ದು ಇದಕ್ಕೇ, ಬ್ರೇಕ್ ಆಯಿಲ್ ಒಳಗೆ ಸೋರಿ ಶಾರ್ಟ್ ಆಗಿ ನಿಂತ ಗಾಡಿನೂ ಹೊತ್ತಿಕೊಳ್ಳಬಹುದು ಅಂತ, ಮನೆಯಿಂದ ದೂರ ಬಯಲಲ್ಲಿ ನಿಲ್ಲಿಸಿ ಅಂತ ಮಾಲೀಕರಿಗೆ ಹೇಳಿದ್ರು. ಸೆಕ್ರೆಟರಿ ಮಾತು ಕಹಿ ಆದ್ರೂ ಸರಿ ಇದೆ, ಮೇಲೆ ಎಷ್ಟು ಮನೆ ಮಲಗಿರ್ತವೆ ನೋಡಿ. ಬಯಲಲ್ಲಿ ಜಾಗ ಸಿಗದ ದಿನ 10 ನಂಬರ್ ಪಾನಾ ತಗೊಂಡು ಬ್ಯಾಟರಿಯ ಮೈನಸ್ ತೆಗೆದಿಡಿ, ಪ್ಲಸ್ ಮುಟ್ಟಬೇಡಿ. ಬೆಳಿಗ್ಗೆ ಗಡಿಯಾರ, ರೇಡಿಯೋ ಸೆಟ್ಟಿಂಗ್ ಹೋಗಿರ್ತದೆ, ಅಷ್ಟೇ.