ಮಗ ಶಾಲೆಗೆ ಹೋದಾಗ ಹೋರಿ ಮಾರಿಬಿಡಲೇ?

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ಹತ್ತು ವರ್ಷ. ನಮ್ಮ ಹಳ್ಳಿಕಾರ್ ಹಸು ಕರು ಹಾಕಿದ ಆರನೇ ದಿನಕ್ಕೆ ಸತ್ತುಹೋಯಿತು. ಆ ಹೋರಿಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದು ಇವನೇ. ಚೆನ್ನ ಅಂತ ಹೆಸರಿಟ್ಟಿದ್ದಾನೆ. ಶಾಲೆಯಿಂದ ಬಂದವನು ಚೀಲ ಜಗಲಿಗೆ ಹಾಕಿ ಮೊದಲು ಹೋಗುವುದು ಕೊಟ್ಟಿಗೆಗೆ. ಅದೂ ಅಷ್ಟೇ, ಇವನ ದನಿ ಕೇಳಿದರೆ ಕಟ್ಟಿದಲ್ಲೇ ಕೂಗುತ್ತದೆ. ಅದರ ಕಿವಿಯ ಹಳದಿ ಓಲೆಯ 12 ಅಂಕಿಯೂ ಇವನಿಗೆ ಬಾಯಿಪಾಠ. ಈಗ ಎರಡು ಹಲ್ಲು ಹಾಕಿದೆ, ಅಂದರೆ ಎರಡು ವರ್ಷ ದಾಟಿತು. ನಮ್ಮ ಉಳುಮೆಗೆ ಟ್ರ್ಯಾಕ್ಟರ್ ಬರುತ್ತದೆ, ಒಂಟಿ ಹೋರಿಗೆ ಮೇವು ಹಾಕುವ ಶಕ್ತಿ ಇಲ್ಲ, ಸಾಲವೂ ಇದೆ. ಪಕ್ಕದೂರಿನವರೊಬ್ಬರು ತಮ್ಮ ಹೋರಿಗೆ ಜೋಡಿಯಾಗುತ್ತದೆ ಅಂತ ಕೇಳುತ್ತಿದ್ದಾರೆ. ಚುಂಚನಕಟ್ಟೆ ಜಾತ್ರೆಗೆ ಹೊಡೆದುಕೊಂಡು ಹೋದರೆ ಸ್ವಲ್ಪ ಜಾಸ್ತಿ ಸಿಗಬಹುದು. ಹುಡುಗ ಶಾಲೆಗೆ ಹೋದಾಗ ಸಾಗಿಸಿಬಿಡು, ನಾಲ್ಕು ದಿನ ಅತ್ತು ಮರೆಯುತ್ತಾನೆ ಅನ್ನುತ್ತಾರೆ ನಮ್ಮಪ್ಪ. ಏನು ಮಾಡಲಿ?
(ಹೆಸರು ಬೇಡ, ಕೆ.ಆರ್. ಪೇಟೆ ತಾಲ್ಲೂಕು)

ಉತ್ತರ: ಅಣ್ಣಾ, ಹಾಗೆ ಮಾತ್ರ ಮಾಡಬೇಡಿ. ಮಾರುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಾನೂ ದನ ಕಟ್ಟಿದ ಮನೆಯವಳೇ, ಬೇಸಿಗೆಯಲ್ಲಿ ಹುಲ್ಲಿನ ಮೆದೆ ಕರಗುತ್ತಾ ಬಂದರೆ ಮನೆಯವರ ಮುಖ ಹೇಗಾಗುತ್ತದೆ ಅಂತ ಗೊತ್ತು. ಆದರೆ ಅವನು ಇಲ್ಲದ ಹೊತ್ತು ನೋಡಿ ಸಾಗಿಸುವುದು ಬೇಡ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಗೌರಿ ಅನ್ನುವ ಹಸುವನ್ನು ಹೀಗೇ ಮಾರಿದರು. ಸಂಜೆ ಬಂದು ನೋಡಿದರೆ ಗೋದಲಿಯಲ್ಲಿ ಅದು ಅರ್ಧ ತಿಂದು ಬಿಟ್ಟ ಹುಲ್ಲು ಹಾಗೇ ಇತ್ತು, ನೆಲದ ಮೇಲೆ ಸಗಣಿ ಇನ್ನೂ ಹಸಿಯಾಗಿತ್ತು. ಅಜ್ಜಿ ಮನೆಗೆ ಕಳಿಸಿದ್ದೇವೆ ಅಂದರು. ದಸರಾ ರಜೆಗೆ ಅಜ್ಜಿ ಮನೆಗೆ ಹೋದವಳು ಚಪ್ಪಲಿ ಕೂಡ ಬಿಡದೆ ಹಿತ್ತಲ ಕೊಟ್ಟಿಗೆಗೆ ಓಡಿದೆ. ಅಜ್ಜಿಗೆ ವಿಷಯವೇ ಗೊತ್ತಿರಲಿಲ್ಲ. ಹಸು ಹೋಯಿತು ಅಂತ ನಾಲ್ಕು ದಿನ ಅತ್ತಿರಬಹುದು, ನಿಮ್ಮ ತಂದೆ ಹೇಳಿದ ಹಾಗೇ. ಆದರೆ ಅಪ್ಪ ಏನು ಹೇಳಿದರೂ ಅಮ್ಮನ ಹತ್ತಿರ ಹೋಗಿ ‘ನಿಜವಾ?’ ಅಂತ ಕೇಳುವುದು ಎಷ್ಟೋ ವರ್ಷ ಹೋಗಲಿಲ್ಲ.

ಹೇಳುವುದನ್ನು ಕೊಟ್ಟಿಗೆಯಲ್ಲೇ ಹೇಳಿ, ಚೆನ್ನನ ಪಕ್ಕದಲ್ಲಿ ಕೂತು. ಸಾಲ ಎಷ್ಟಿದೆ, ದಿನಕ್ಕೆ ಹುಲ್ಲು, ಬೂಸಾ ಅಂತ ಎಷ್ಟು ಖರ್ಚಾಗುತ್ತದೆ, ಹತ್ತು ವರ್ಷದ ಹುಡುಗನಿಗೆ ಈ ಲೆಕ್ಕ ಅರ್ಥವಾಗುತ್ತದೆ. ಅಳುತ್ತಾನೆ, ಸಿಟ್ಟಾಗುತ್ತಾನೆ, ಮುದ್ದೆ ಮುಂದಿಟ್ಟರೆ ತಟ್ಟೆ ತಳ್ಳುತ್ತಾನೆ. ಅಳಲಿ. ಗಂಡು ಹುಡುಗ ಅಳ್ತಾರಾ ಅನ್ನಬೇಡಿ. ತಬ್ಬಲಿ ಕರುವಿಗೆ ಹಾಲು ಕುಡಿಸಿದವರೇ ತಾಯಿ. ಚೆನ್ನ ಇವನನ್ನು ಹಾಗೇ ಹಿಂಬಾಲಿಸಿ ಬೆಳೆದಿದೆ, ಅದು ಇವನಿಗೂ ಗೊತ್ತು.

ಕೊಡುವುದಾದರೆ ಪಕ್ಕದೂರಿಗೇ ಕೊಡಿ. ಜಾತ್ರೆಯಲ್ಲಿ ಟವೆಲ್ ಒಳಗೆ ಬೆರಳು ಹಿಡಿದು ವ್ಯಾಪಾರ ಕುದುರಿತು ಅಂದರೆ ಸಂಜೆಗೆ ಲಾರಿ ಹತ್ತಿಸಿ ಹಾವೇರಿ ಕಡೆಗೋ ದಾವಣಗೆರೆ ಕಡೆಗೋ ಹೊರಟುಬಿಡುತ್ತಾರೆ. ಅವರೂ ಎತ್ತು ಕಂಡರೆ ಪ್ರೀತಿ ಇರುವ ರೈತರೇ, ಆದರೆ ನಿಮ್ಮ ಮಗ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗೋಕಾಗಲ್ಲ. ನಾಲ್ಕು ಕಾಸು ಕಡಿಮೆ ಬಂದರೂ ಬರಲಿ. ಹುಡುಗ ಭಾನುವಾರ ಬಂದು ನೋಡಿಕೊಂಡು ಹೋಗಬಹುದಾ ಅಂತ ಮುಂಗಡ ಹಿಡಿಯುವ ಮೊದಲೇ ಕೇಳಿ.

ಕಳಿಸುವ ತಯಾರಿ ಅವನ ಕೈಗೇ ಬಿಡಿ. ಮೇವು ದಿಢೀರಂತ ಬದಲಾದರೆ ದನಕ್ಕೆ ಹೊಟ್ಟೆ ಕೆಡುತ್ತದೆ, ಯಾಕೆಂದರೆ ಹೊಟ್ಟೆಯೊಳಗೆ ಮೇವು ಅರಗಿಸುವ ಸೂಕ್ಷ್ಮಜೀವಿಗಳು ಹೊಸದಕ್ಕೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಹಾಗಾಗಿ ಚೆನ್ನ ತಿಂದು ಅಭ್ಯಾಸವಾಗಿರುವ ಹುಲ್ಲು, ಹಿಂಡಿ ಒಂದಿಷ್ಟು ಜೊತೆಗೇ ಹೋಗಲಿ. ಅದನ್ನು ಮಗನೇ ಚೀಲಕ್ಕೆ ತುಂಬಲಿ. ಹೊತ್ತಿಗೆ ಎಷ್ಟು ಹಾಕಬೇಕು, ಯಾವ ಸದ್ದಿಗೆ ಬೆದರುತ್ತದೆ, ಎಲ್ಲಿ ತುರಿಸಿದರೆ ಕತ್ತು ನೀಡಿಕೊಂಡು ನಿಲ್ಲುತ್ತದೆ, ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಹಾಕಿಸಿದ್ದು, ಬಾಯಿಪಾಠ ಇರುವ ಆ 12 ಅಂಕಿ, ಎಲ್ಲ ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಲಿ. ಅವತ್ತು ಶಾಲೆಗೆ ರಜೆ ಹಾಕಿಸಿ. ಅವನೇ ಹಿಡಿದುಕೊಂಡು ನಡೆಸಲಿ, ನೀವು ಜೊತೆಗೆ ಹೋಗಿ. ಹೊಸ ಜಾಗದಲ್ಲಿ ಚೆನ್ನ ಒಂದೆರಡು ದಿನ ಕೂಗಬಹುದು, ಮೇವು ಬಿಡಬಹುದು, ಇದನ್ನೂ ಮಗನಿಗೆ ಮೊದಲೇ ಹೇಳಿರಿ.

ದನ ಮಾರಿದಾಗ ಹಳೆ ಹಗ್ಗ ಕೊಡುವ ರೂಢಿ ನಮ್ಮ ಕಡೆ ಇಲ್ಲ, ಕೊಂಡವರು ಹೊಸದು ತರುತ್ತಾರೆ. ನಿಮ್ಮಲ್ಲೂ ಹಾಗೇ ಅಲ್ವಾ? ಆ ಹಗ್ಗವನ್ನು ಅಟ್ಟಕ್ಕೆ ಎಸೆಯದೆ ಮಗನಿಗೆ ಕೊಡಿ. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರೂ ಸುಮ್ನೆ ಇರಿ. ಮಾರನೇ ವಾರವೇ ಇನ್ನೊಂದು ಕರು ತಂದು ಕಟ್ಟಿ ಸಮಾಧಾನ ಮಾಡಲು ಹೋಗಬೇಡಿ, ಅವನೇ ಕೇಳುವವರೆಗೆ ಆ ಜಾಗ ಖಾಲಿ ಇರಲಿ.

ಪ್ರಶ್ನೆ: ಆರು ವರ್ಷದ ಮಗಳು ಅಕ್ಕಿ ಹಾಕಿ ಸಾಕಿದ ಊರ ಕೋಳಿಯನ್ನು ನೆಂಟರು ಬಂದ ದಿನ ಪದಾರ್ಥ ಮಾಡಿದೆವು. ಗೊತ್ತಾದ ಮೇಲೆ ಎರಡು ತಿಂಗಳಿಂದ ಅವಳು ಕೋಳಿ ಮುಟ್ಟುತ್ತಿಲ್ಲ. ಬಲವಂತ ಮಾಡಿ ತಿನ್ನಿಸಬೇಕಾ?
(ಒಬ್ಬ ತಾಯಿ, ಪುತ್ತೂರು)

ಉತ್ತರ: ಖಂಡಿತ ಬೇಡ. ಹಾಲು, ಬೇಳೆ, ಹೆಸರುಕಾಳು, ಕಡಲೆ ಕೊಡಿ, ಮೊಟ್ಟೆ ತಿಂದರೆ ಅದೂ ಆಯಿತು. ಕೋಳಿ ತಿನ್ನದೆ ಮಕ್ಕಳು ಸೊರಗುವುದಿಲ್ಲ. ‘ನಿನ್ನನ್ನು ಕೇಳದೆ ಕೊಯ್ದದ್ದು ನಮ್ಮ ತಪ್ಪು’ ಅಂತ ನೀವೂ ಅವಳ ಅಪ್ಪನೂ ಇಬ್ಬರೂ ಹೇಳಿ. ಉಳಿದ ಕೋಳಿಗಳಲ್ಲಿ ಒಂದನ್ನು ಅವಳೇ ಆರಿಸಿಕೊಳ್ಳಲಿ, ಇದನ್ನು ಕೊಯ್ಯುವುದಿಲ್ಲ ಅಂತ ಮಾತು ಕೊಡಿ. ಆಮೇಲೆ ಯಾವ ನೆಂಟರು ಬಂದರೂ ಆ ಕೋಳಿಯ ಸುದ್ದಿಗೆ ಹೋಗಬೇಡಿ.