ಧಾರವಾಡಕ್ಕೆ ಹೋದರೆ ಹುಚ್ಚು ಅಂತಾನಾ?

ಪ್ರಶ್ನೆ: ಮಗನಿಗೆ 15 ವರ್ಷ, ಹತ್ತನೇ ಕ್ಲಾಸು. ಎರಡು ತಿಂಗಳಿಂದ ಶಾಲೆಗೆ ಹೊರಡುವ ಹೊತ್ತಿಗೇ ಹೊಟ್ಟೆನೋವು ಅನ್ನುತ್ತಾನೆ. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದರು. ಗೆಳೆಯರನ್ನೂ ಬಿಟ್ಟಿದ್ದಾನೆ. ಅತ್ತೆಯವರು ದೃಷ್ಟಿ ತೆಗೆದದ್ದೂ ಆಯಿತು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ತೋರಿಸೋಣ ಅಂದರೆ ಯಜಮಾನರು "ಹುಚ್ಚ ಅಂತ ಹೆಸರು ಬೀಳ್ತದ" ಅಂತ ಬೈಯುತ್ತಾರೆ.
ಒಬ್ಬ ತಾಯಿ, ಗದಗ

ಉತ್ತರ: ಅಕ್ಕಾ, ನಮ್ಮ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ನಗುತ್ತಾರಲ್ವಾ, ಯಜಮಾನರ ಹೆದರಿಕೆಯ ಬೇರು ಅಲ್ಲೇ ಇದೆ. ಆದರೆ ಹುಡುಗ ನಾಟಕ ಮಾಡುತ್ತಿಲ್ಲ. ಮನಸ್ಸಿನ ಆತಂಕ ಮಕ್ಕಳಲ್ಲಿ ಎಷ್ಟೋ ಸಲ ಹೊಟ್ಟೆನೋವಾಗಿಯೇ ಕಾಣುತ್ತದೆ, ನೋವು ನಿಜವಾದದ್ದೇ.

ಅಲ್ಲಿನ ಥೆರಪಿ (ಮಾತುಕತೆಯ ಚಿಕಿತ್ಸೆ) ಅಂದರೆ ಮಾತ್ರೆ, ಅಡ್ಮಿಟ್ಟು ಅಂತಲ್ಲ. ಸಾಮಾನ್ಯವಾಗಿ ಮೊದಲು ನಿಮ್ಮ ಜೊತೆ ಮಾತಾಡುತ್ತಾರೆ, ಆಮೇಲೆ ಮಗನ ಜೊತೆ ಒಬ್ಬನೇ ಇದ್ದಾಗ. ಅವನು ಹೇಳಿದ್ದೆಲ್ಲ ನಿಮಗೆ ಬಂದು ಹೇಳುವುದಿಲ್ಲ, ಜೀವಕ್ಕೆ ಅಪಾಯ ಅನ್ನಿಸಿದರೆ ಹೇಳುತ್ತಾರೆ. "ಒಳಗೆ ಏನಂದಿ?" ಅಂತ ದಾರಿಯಲ್ಲಿ ಕೆದಕಬೇಡಿ. ಶಾಲೆಗೆ ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪವಾಗಿ ಮರಳುವುದನ್ನು ರೂಢಿ ಮಾಡಿಸುತ್ತಾರೆ, ಒಂದೆರಡು ವಾರದಲ್ಲಿ ಮುಗಿಯುವ ಕೆಲಸ ಅಲ್ಲ. ಯಜಮಾನರೂ ಬರಬೇಕು, ಮಾರ್ಕ್ಸಿನ ಬೈಗುಳ ಕಡಿಮೆ ಆಗದೆ ಮಗ ಒಬ್ಬನೇ ಬದಲಾಗುವುದು ಕಷ್ಟ. (ಮಾರ್ಕ್ಸಿಗಾಗಿ ಮಗನಿಗೆ ಬೈಯುತ್ತಾರೆ ಅಂತ ನೀವು ಬರೆದಿಲ್ಲ, ನನ್ನ ಊಹೆ!)

ಹೋಗುವ ಮುಂಚೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಯಜಮಾನರಿಗೇ ಫೋನ್ ಕೊಡಿ. ಆದರೆ ಸಾಯುವ ಮಾತು ಅವನ ಬಾಯಲ್ಲಿ ಬಂದರೆ ಕಾಯಬೇಡಿ, ಒಬ್ಬನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.