ಗಾಳಿ ನೋಡಿ ಮತ ಹಾಕಿದವರು ಗೆದ್ದರೇ?

ಪ್ರಶ್ನೆ: ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳುವ ನಾಯಕ ಸೋಲುತ್ತಾನೆ ಅಂತ ಅಮೆರಿಕದ ಪಕ್ಷಗಳ ಒಳಗಿನವರೇ ಹೇಳುತ್ತಾರಂತೆ. ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನನಗಂತೂ ಆ ಮಾತಿನಲ್ಲಿ ನಂಬಿಕೆಯಿಲ್ಲ. 2002ರ ಅಕ್ಟೋಬರ್ ನೋಡಿ. ಇರಾಕ್ ಮೇಲೆ ಯುದ್ಧ ಮಾಡಲು ಅಧ್ಯಕ್ಷ ಬುಷ್‌ಗೆ ಅಧಿಕಾರ ಕೊಡುವ ನಿರ್ಣಯ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಬಂತು. ನವೆಂಬರ್‌ನಲ್ಲೇ ಸಂಸತ್ತಿನ ಚುನಾವಣೆ. ಬೇಡ ಅಂದರೆ ದೇಶಭಕ್ತಿ ಇಲ್ಲ ಅಂತಾರೆ, ಸುಮ್ನೆ ಒಪ್ಪಿಕೊಂಡು ಆಮೇಲೆ ಉದ್ಯೋಗ, ಆರ್ಥಿಕತೆ ಬಗ್ಗೆ ಮಾತಾಡೋಣ ಅನ್ನುವುದು ಬುಷ್ ಎದುರಾಳಿ ಡೆಮಾಕ್ರಟಿಕ್ ಪಕ್ಷದ ತಂತ್ರಗಾರರ ಲೆಕ್ಕಾಚಾರ. ನಿರ್ಣಯ 77-23 ಮತಗಳಿಂದ ಪಾಸಾಯಿತು. ಪರವಾಗಿ ಮತ ಹಾಕಿದವರಲ್ಲಿ 29 ಮಂದಿ ಡೆಮಾಕ್ರಟರು.

ಲಾಭ ಆಯಿತಾ? ಜಾರ್ಜಿಯಾದ ಡೆಮಾಕ್ರಟಿಕ್ ಸೆನೆಟರ್ ಮ್ಯಾಕ್ಸ್ ಕ್ಲೀಲ್ಯಾಂಡ್ ವಿಯೆಟ್ನಾಂನಲ್ಲಿ ಎರಡು ಕಾಲು, ಒಂದು ಕೈ ಕಳೆದುಕೊಂಡವರು. ನಿರ್ಣಯದ ಪರ ಮತ ಹಾಕಿದರು. ಆದರೂ ದೇಶದ ಭದ್ರತೆ ವಿಚಾರದಲ್ಲೇ ಅವರ ಮೇಲೆ ದಾಳಿ ನಡೆಯಿತು, ಅವರು ಸೋತರು. ಎಂಥ ಅನ್ಯಾಯ ಅಲ್ವಾ! ಸೆನೆಟ್ ಕೂಡ ಪಕ್ಷದ ಕೈತಪ್ಪಿತು.

ಇನ್ನು ವಿಸ್ಕಾನ್ಸಿನ್‌ನ ಡೆಮಾಕ್ರಟಿಕ್ ಸೆನೆಟರ್ ರಸ್ ಫೈನ್‌ಗೋಲ್ಡ್. 2001ರಲ್ಲಿ ಸರ್ಕಾರಕ್ಕೆ ಕಣ್ಗಾವಲಿನ ಹೆಚ್ಚು ಅಧಿಕಾರ ಕೊಟ್ಟ ಪೇಟ್ರಿಯಟ್ ಕಾಯ್ದೆಗೆ ಸೆನೆಟ್‌ನಲ್ಲಿ ಬೇಡ ಅಂದವರು ಅವರೊಬ್ಬರೇ, ಇರಾಕ್ ನಿರ್ಣಯವನ್ನೂ ವಿರೋಧಿಸಿದರು. 2004ರಲ್ಲಿ ಅದೇ ರಾಜ್ಯದಲ್ಲಿ, ನಿರ್ಣಯಕ್ಕೆ ಒಪ್ಪಿದ್ದ, ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಜಾನ್ ಕೆರ್ರಿಗೆ ಕೂದಲೆಳೆಯ ಮುನ್ನಡೆ ಸಿಕ್ಕಿತು. ಫೈನ್‌ಗೋಲ್ಡ್ ಆರಾಮಾಗಿ ಗೆದ್ದರು. 2010ರಲ್ಲಿ ಅವರೂ ಸೋತರು, ನಂಬಿಕೆ ಇದ್ದವರು ಯಾವಾಗಲೂ ಗೆಲ್ಲುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಒಳಗಿನವರು ಸುರಕ್ಷಿತ ಅಂದ ದಾರಿ ಸುರಕ್ಷಿತವಾಗಿರಲೇ ಇಲ್ಲ. 2008ರಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಯಲ್ಲಿ ಹಿಲರಿ ಕ್ಲಿಂಟನ್ ಒಬಾಮಾ ಎದುರು ಹಿಂದೆ ಬಿದ್ದದ್ದಕ್ಕೂ 2002ರಲ್ಲಿ ನಿರ್ಣಯದ ಪರ ಅವರು ಹಾಕಿದ ಮತ ಒಂದು ದೊಡ್ಡ ಕಾರಣ.